ಮೂರನೇ ಮಹಡಿ ತೆರೆಯಿತು, ಸಿಸ್ಟರ್

ಕಳೆದ ಸೋಮವಾರ ನಮ್ಮ ಮಕ್ಕಳ ಆಸ್ಪತ್ರೆಯ ಮೂರನೇ ಮಹಡಿಯ ವಾರ್ಡ್ ಶುರುವಾಯಿತು. ಈಗ ಒಟ್ಟು 120 ಹಾಸಿಗೆ. ನಾನು ದಾವಣಗೆರೆಗೆ ಬಂದು ಮೆಡಿಕಲ್ ಡೈರೆಕ್ಟರ್ ಕೆಲಸ ವಹಿಸಿಕೊಂಡಾಗ ಇದ್ದದ್ದು 40. ಸೋಮವಾರದಿಂದ ಎಷ್ಟೋ ಜನ ಫೋನ್ ಮಾಡಿದ್ದೀರಿ, ಮೆಸೇಜ್ ಕಳಿಸಿದ್ದೀರಿ. ಒಬ್ಬೊಬ್ಬರಿಗೂ ಉತ್ತರ ಕೊಡಲು ಆಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ರಾತ್ರಿ 2 ಗಂಟೆಗೂ ಪಿಸಿವಿ (ರಕ್ತ ಎಷ್ಟು ಗಟ್ಟಿಯಾಗಿದೆ ಅಂತ ತೋರಿಸುವ ಪರೀಕ್ಷೆ) ರಿಪೋರ್ಟ್ ಕೈಗಿಟ್ಟ ಲ್ಯಾಬ್ ಹುಡುಗರಿಗೆ, ಊಟ ಬಿಟ್ಟು ಓಡಿಬಂದ ಜೂನಿಯರ್ ಡಾಕ್ಟರ್‌ಗಳಿಗೆ, ಜಗಳೂರು, ಹರಪನಹಳ್ಳಿ, ಚನ್ನಗಿರಿಯಿಂದ ಮಕ್ಕಳನ್ನು ಹೊತ್ತು ತಂದ ಆಂಬುಲೆನ್ಸ್ ಡ್ರೈವರ್‌ಗಳಿಗೆ, ಆಯಮ್ಮಂದಿರಿಗೆ, ಔಷಧಿ ಅಂಗಡಿಯವರಿಗೆ, ನಮ್ಮ ಟ್ರಸ್ಟಿನ ಹಿರಿಯರಿಗೆ, ನನ್ನ ಮನೆಯವರಿಗೆ ತುಂಬಾ ಥ್ಯಾಂಕ್ಸ್. ಇವರಲ್ಲಿ ಯಾರೊಬ್ಬರು ಇಲ್ಲದಿದ್ದರೂ ಈ ಆಸ್ಪತ್ರೆ ನಡೆಯುತ್ತಿರಲಿಲ್ಲ.

ಇನ್ನು ಉಳಿದದ್ದೆಲ್ಲ ಒಬ್ಬರ ಬಗ್ಗೆ. ಹೆಸರು ಬರೆಯಬೇಡಿ ಅಂದಿದ್ದಾರೆ. ಬರೆಯಲ್ಲ. ನಮ್ಮಲ್ಲಿ ‘ಸಿಸ್ಟರ್’ ಅಂದರೆ ಯಾರು ಅಂತ ಇಲ್ಲಿಯವರಿಗೆಲ್ಲ ಗೊತ್ತು.

2024ರ ಮಳೆಗಾಲ ನೆನಪಿದೆ ಅಲ್ವಾ? ಆ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಅದಕ್ಕೂ ಮೊದಲೇ ನಮ್ಮ ವಾರ್ಡ್ ತುಂಬಿ ಹೋಗಿತ್ತು. ಎರಡನೇ ಮಹಡಿಯನ್ನು ಆಗಷ್ಟೇ ತೆರೆದಿದ್ದೆವು. ಹಾಸಿಗೆ ಇದೆ, ಯಾರನ್ನೂ ವಾಪಸ್ ಕಳಿಸಬಾರದು ಅಂತ ನಾನೇ ಹೇಳಿದ್ದೆ. ಒಂದು ರಾತ್ರಿ ಆ ಮಹಡಿಯಲ್ಲಿ 31 ಮಕ್ಕಳಿದ್ದರು. ಪಾಳಿಯಲ್ಲಿ ಇದ್ದದ್ದು ಇಬ್ಬರೇ ನರ್ಸ್.

ಸಿಸ್ಟರ್ ಪಾಳಿ 8 ಗಂಟೆಗೆ ಮುಗಿದಿತ್ತು. ಚಪ್ಪಲಿ ಹಾಕಿಕೊಂಡು ಮೆಟ್ಟಿಲವರೆಗೆ ಹೋದವರು ವಾರ್ಡಿನ ಕಡೆ ಒಂದು ಸಲ ತಿರುಗಿ ನೋಡಿದರು. ಮಗಳಿಗೆ ಫೋನ್ ಮಾಡಿ, ‘ಅನ್ನ ಇಟ್ಕೊಂಡು ಉಣ್ಣವ್ವ, ನಾನು ಬರಲ್ಲ ಇವತ್ತು’ ಅಂದರು. ಮತ್ತೆ ಒಳಗೆ ಬಂದರು.

ಅಪ್ಪ ಅಮ್ಮಂದಿರೆಲ್ಲ ಕೇಳುತ್ತಿದ್ದದ್ದು ಒಂದೇ, ‘ಪ್ಲೇಟ್‌ಲೆಟ್ ಎಷ್ಟು?’ ತಪ್ಪಲ್ಲ, ಟಿವಿಯಲ್ಲೂ ಅದನ್ನೇ ಹೇಳುತ್ತಿದ್ದರು. ಸಿಸ್ಟರ್ ಮಾತ್ರ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಮಕ್ಕಳ ಪಾದ ಮುಟ್ಟುತ್ತಿದ್ದರು. ಡೆಂಗಿಯಲ್ಲಿ ಜ್ವರ ಬಿಟ್ಟಿತು ಅಂತ ಮನೆಯವರು ಉಸಿರು ಬಿಡುವ ಹೊತ್ತೇ ಭಯದ ಹೊತ್ತು. ಮಗು ಎದ್ದು ಕೂತು ಮಾತಾಡುತ್ತಿರುತ್ತದೆ, ಒಳಗೆ ರಕ್ತನಾಳದಿಂದ ನೀರು ಸೋರುತ್ತಿರುತ್ತದೆ. ಆಗ ಕೈಕಾಲು ತಣ್ಣಗಾಗುತ್ತವೆ. ಉಗುರು ಒತ್ತಿ ಬಿಟ್ಟರೆ ಕೆಂಪು ಬೇಗ ವಾಪಸ್ ಬರುವುದಿಲ್ಲ. ಸಿಸ್ಟರ್ ಪ್ರತಿ ಹಾಸಿಗೆಯ ಕಂಬಿಗೂ ಬಿಳಿ ಪ್ಲಾಸ್ಟರ್ ತುಂಡು ಅಂಟಿಸಿ, ಬಾಲ್‌ಪೆನ್ನಿನಲ್ಲಿ ಟೈಮ್ ಬರೆದು, ಪಕ್ಕದಲ್ಲಿ ‘ಬೆ’ ಅಥವಾ ‘ತ’ ಅಂತ ಗುರುತು ಹಾಕುತ್ತಿದ್ದರು. ಬೆಚ್ಚಗೆ, ತಣ್ಣಗೆ. ಬೆಳಿಗ್ಗೆ ಹೊತ್ತಿಗೆ ಆ ಪ್ಲಾಸ್ಟರ್‌ಗಳ ಮೇಲೆ ಬರೆಯಲು ಜಾಗ ಉಳಿದಿರಲಿಲ್ಲ.

14ನೇ ಹಾಸಿಗೆಯ ಮಗುವಿನ ಬಗ್ಗೆ ಇಲ್ಲಿ ಬರೆಯಲ್ಲ. ಅಲ್ಲಿದ್ದವರಿಗೆ ಗೊತ್ತು. ಸಿಸ್ಟರ್ ಆ ಹೊತ್ತು ವಾರ್ಡಿನ ಇನ್ನೊಂದು ತುದಿಯಲ್ಲಿದ್ದರು. ಗಂಟೆಗೊಮ್ಮೆ ನೋಡಬೇಕಿದ್ದ ಪಾದವನ್ನು ಎರಡೂವರೆ ಗಂಟೆ ಯಾರೂ ಮುಟ್ಟಿರಲಿಲ್ಲ. ಯಾರದೂ ಸೋಮಾರಿತನ ಅಲ್ಲ. ಕೈ ಸಾಲಲಿಲ್ಲ.

ನಾನು ಬಟ್ಟೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಒಗೆದ ಬೆಡ್‌ಶೀಟ್‌ಗಳ ಗಂಟಿಗೆ ಮುಖ ಒತ್ತಿ ನಿಂತೆ. ಹೊರಗೆ ಬರಲು ಕಾಲೇ ಏಳಲಿಲ್ಲ. ಇಪ್ಪತ್ತು ವರ್ಷದ ಕೆಲಸದಲ್ಲಿ ಮಕ್ಕಳನ್ನು ಕಳೆದುಕೊಂಡಿದ್ದೆ. ಆದರೆ ನಾನೇ ಮಾಡಿದ ಲೆಕ್ಕದಿಂದ ಒಂದು ಮಗು ಹೋಯಿತು ಅಂತ ಅನಿಸಿದ್ದು ಅವತ್ತೇ. ಈಗಲೂ ಹಾಗೇ ಅನಿಸುತ್ತದೆ.

ಸಿಸ್ಟರ್ ಬಾಗಿಲು ತಟ್ಟಿ ಒಳಗೆ ಬಂದರು. ಸಮಾಧಾನ ಹೇಳಲಿಲ್ಲ. ‘ಆಮೇಲೆ ಅಳೋಣ ಮೇಡಂ. ಅವರಮ್ಮ ಒಬ್ಬರೇ ಇದ್ದಾರೆ. ಮೊದಲು ನೀವೇ ಹೋಗ್ಬೇಕು’ ಅಂದರು. ನನ್ನ ಜೊತೆಗೇ ಬಂದರು. ನಾನು ಹೇಳಬೇಕಾದದ್ದನ್ನು ಹೇಳಿದೆ. ಸಿಸ್ಟರ್ ಆ ತಾಯಿಯ ಪಕ್ಕ ನೆಲದ ಮೇಲೆ ಕೂತು, ಅವರ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಊರಿಂದ ಮನೆಯವರು ಬರುವ ತನಕ ಆ ಕೈ ಬಿಡಲಿಲ್ಲ. ಉಳಿದ 30 ಮಕ್ಕಳನ್ನು ನಾನು, ಇಬ್ಬರು ನರ್ಸ್, ಒಬ್ಬ ಜೂನಿಯರ್ ಡಾಕ್ಟರ್ ನೋಡಿಕೊಂಡೆವು. ಅವತ್ತು ನಾನೂ ಪಾದ ಮುಟ್ಟುತ್ತಾ ಹೋದೆ, ಪ್ಲಾಸ್ಟರ್ ಮೇಲೆ ಬರೆಯುತ್ತಾ ಹೋದೆ.

ಮೂರು ದಿನ ಕಳೆದು ಮೀಟಿಂಗ್. ಎಲ್ಲರೂ ಮಾತಾಡಿ ಮುಗಿಸಿದ ಮೇಲೆ ಸಿಸ್ಟರ್ ಎದ್ದು ನಿಂತರು. ‘ಹಾಸಿಗೆ ಜಾಸ್ತಿ ಮಾಡಿದ್ವಿ ಮೇಡಂ. ಕೈ ಜಾಸ್ತಿ ಮಾಡ್ಲಿಲ್ಲ’ ಅಂದು ಕೂತರು. ನನ್ನನ್ನು ಬೈಯಬಹುದಿತ್ತು. ಬದಲಿಗೆ ‘ಮಾಡಿದ್ವಿ’ ಅಂದು ತಪ್ಪಿನಲ್ಲಿ ತಾವೂ ಪಾಲು ತೆಗೆದುಕೊಂಡರು. ಅದು ಅವರ ತಪ್ಪಾಗಿರಲಿಲ್ಲ.

ಮೂರನೇ ಮಹಡಿ ಅಷ್ಟರಲ್ಲಿ ಮುಕ್ಕಾಲು ಪಾಲು ತಯಾರಾಗಿತ್ತು. ಪೂರ್ತಿಯಾದ ಮೇಲೂ ತೆರೆಯಲಿಲ್ಲ. ಹೊಸ ಹಾಸಿಗೆಗಳು 11 ತಿಂಗಳು ಪ್ಲಾಸ್ಟಿಕ್ ಹೊದ್ದುಕೊಂಡೇ ಇದ್ದವು. ನರ್ಸ್‌ಗಳ ಸಂಬಳ ಹೊಂದಿಸುವುದು ಕಟ್ಟಡ ಕಟ್ಟಿಸುವುದಕ್ಕಿಂತ ಕಷ್ಟ. ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಗೋಡೆಯ ಮೇಲೆ ಹೆಸರು ಬರೆಸಬಹುದು. ರಾತ್ರಿ ಪಾಳಿಯ ಸಂಬಳಕ್ಕೆ ಯಾರ ಹೆಸರು ಬರೆಸುವುದು? ಆದರೂ ಕೇಳಿದಾಗ ಕೊಟ್ಟ ಹತ್ತಾರು ಜನ ಇದನ್ನು ಓದುತ್ತಿದ್ದೀರಿ. ನಿಮಗೆ ಕೈ ಮುಗಿಯುತ್ತೇನೆ.

ಜಿಎನ್ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಬಂದ ಹೊಸ ಹುಡುಗಿಯರಿಗೆ ಕಲಿಸಿದ್ದು ಸಿಸ್ಟರೇ. ಮೊದಲ ದಿನ ಕಣ್ಣು ಮುಚ್ಚಿಸಿ, ಮಕ್ಕಳ ಪಾದ ಮುಟ್ಟಿಸಿ, ‘ಬೆಚ್ಚಗಿದೆಯಾ ತಣ್ಣಗಿದೆಯಾ, ಹೇಳಿ’ ಅಂತ ಕೇಳುತ್ತಾರೆ. ಈಗ ನಮ್ಮ ಚಾರ್ಟಿನಲ್ಲೇ ಅದಕ್ಕೊಂದು ಕಾಲಂ ಇದೆ. ಅಲ್ಲೂ ‘ಬೆ’, ‘ತ’ ಅಂತಲೇ ಬರೆಯುತ್ತಾರೆ.

ಸೋಮವಾರ ಟೇಪು ಕತ್ತರಿಸಲು ಸಿಸ್ಟರನ್ನೇ ಕರೆದೆವು. ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಪಕ್ಕದ ಗೋಡೆಯ ಹತ್ತಿರ ಹೋದರು. ಅಲ್ಲಿ ಅಂಟಿಸಿದ್ದ ಡ್ಯೂಟಿ ಪಟ್ಟಿಯಲ್ಲಿ ರಾತ್ರಿ ಪಾಳಿಯ ಹೆಸರುಗಳ ಮೇಲೆ ಬೆರಳಿಟ್ಟು ಎಣಿಸಿದರು. ‘ಆರು ಜನ ಇದ್ದಾರೆ’ ಅಂದರು. ಆಮೇಲೆ ವಾಪಸ್ ಬಂದು ಟೇಪು ಕತ್ತರಿಸಿದರು.