ಫೋನ್ ಬದಲಾಗುವ ಗಳಿಗೆಗೂ ಒಂದು ನಿಯಮ ಬೇಕು: ರಿಸರ್ವ್ ಬ್ಯಾಂಕ್ ಗವರ್ನರ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಗವರ್ನರ್ ಶ್ರೀ ಸಂಜಯ್ ಮಲ್ಹೋತ್ರಾ ಅವರಿಗೆ, ನಮಸ್ಕಾರ.

ಡಿಜಿಟಲ್ ಪಾವತಿಯ ದೃಢೀಕರಣದ ಬಗ್ಗೆ ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್ 25ರಂದು ಹೊರಡಿಸಿದ, 2026ರ ಏಪ್ರಿಲ್ 1ರಿಂದ ಜಾರಿ ಎಂದು ಗೊತ್ತುಮಾಡಿದ ನಿರ್ದೇಶನಗಳನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಎರಡು ಹಂತದ ಪರಿಶೀಲನೆಗೆ ಎಸ್ಸೆಮ್ಮೆಸ್ ಒಟಿಪಿಯೇ ಆಗಬೇಕೆಂದಿಲ್ಲ, ಗ್ರಾಹಕರ ಫೋನು, ಅವರಿರುವ ಜಾಗ, ಹಿಂದಿನ ವ್ಯವಹಾರದ ರೂಢಿ ಇವನ್ನೂ ಬ್ಯಾಂಕುಗಳು ಗಮನಿಸಬಹುದು ಎಂದಿದ್ದೀರಿ. ನಿಯಮ ಪಾಲಿಸದೆ ನಡೆದ ವ್ಯವಹಾರದಲ್ಲಿ ಹಣ ಹೋದರೆ ಪೂರ್ತಿ ನಷ್ಟವನ್ನು ತಕರಾರಿಲ್ಲದೆ ತುಂಬಿಕೊಡಬೇಕು ಎಂದೂ ಹೇಳಿದ್ದೀರಿ. ಇದಕ್ಕಾಗಿ ಮನಸಾರೆ ಧನ್ಯವಾದ.

ನಮ್ಮ ಮಲೆನಾಡಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂಬುದು ಮುಂಬೈಯಲ್ಲಿ ಕೂತವರಿಗೆ ಸುಲಭಕ್ಕೆ ಕಾಣದು. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಸಿದ್ದಾಪುರದ ಕಡೆ ಎಷ್ಟೋ ಒಂಟಿಮನೆಗಳಿಗೆ ಫೈಬರ್ ಕೇಬಲ್ ಬಂದಿದೆ, ಟವರ್ ಸಿಗ್ನಲ್ ಮಾತ್ರ ಬಂದಿಲ್ಲ. ಬೆಂಗಳೂರಿನ ಮಗಳ ಜೊತೆ ಜಗುಲಿಯಲ್ಲೇ ಕೂತು ವಿಡಿಯೊ ಕಾಲ್ ಮಾಡಬಹುದು. ಕರೆಂಟ್ ಬಿಲ್ ಕಟ್ಟಲು ಒಟಿಪಿ ಬೇಕೆಂದರೆ ಗುಡ್ಡ ಹತ್ತಬೇಕು. ಮೇಲೆ ಹೋದರೆ ಒಟಿಪಿ ಬರುತ್ತದೆ, ವೈಫೈ ತಪ್ಪುತ್ತದೆ. ಕೆಳಗಿಳಿಯುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ವೈಫೈ ಕಾಲಿಂಗ್ (ಟವರ್ ಬದಲು ವೈಫೈ ಮೂಲಕವೇ ಕರೆ, ಮೆಸೇಜು ಬರುವ ಸೌಲಭ್ಯ) ಇರುವ ಫೋನಿನವರು ಹೇಗೋ ಸುಧಾರಿಸುತ್ತಾರೆ, ಉಳಿದವರಿಗೆ ಗುಡ್ಡವೇ ಗತಿ. ಬ್ಯಾಂಕು ಒಮ್ಮೆ ಗುರುತಿಸಿದ ಫೋನಿನಲ್ಲಿ ಬೆರಳಿಟ್ಟೋ ಪಿನ್ ಒತ್ತಿಯೋ ಒಪ್ಪಿಗೆ ಕೊಡುವ ವ್ಯವಸ್ಥೆ ಬಂದರೆ ಈ ಓಡಾಟ ತಪ್ಪುತ್ತದೆ.

ಆದರೆ ಫೋನನ್ನು ನಂಬುವುದೆಂದು ತೀರ್ಮಾನಿಸಿದ ಮೇಲೆ, ಆ ನಂಬಿಕೆ ಒಂದು ಫೋನಿನಿಂದ ಇನ್ನೊಂದಕ್ಕೆ ದಾಟುವ ಗಳಿಗೆಯೇ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಈಗಿನ ವ್ಯವಸ್ಥೆ ಅಲ್ಲೇ ಸಡಿಲವಾಗಿದೆ. ಕಳ್ಳನಿಗೆ ಸಲೀಸು, ಸಾಚಾ ಗ್ರಾಹಕರಿಗೆ ಕಷ್ಟ.

ಯುಪಿಐ ಆ್ಯಪ್ ಹಾಕಿಕೊಂಡಾಗ ನಮ್ಮ ಸಿಮ್‌ನಿಂದ ಒಂದು ಎಸ್ಸೆಮ್ಮೆಸ್ ತಾನಾಗಿ ಹೊರಗೆ ಹೋಗುತ್ತದೆ. ಈ ನಂಬರು ಈ ಫೋನಿನಲ್ಲಿದೆ ಎಂದು ಖಾತ್ರಿಯಾಗುವುದು ಅದರಿಂದಲೇ. ವಂಚಕರು ಆ ಎಸ್ಸೆಮ್ಮೆಸ್ಸನ್ನೇ ಹಿಡಿದುಕೊಂಡಿದ್ದಾರೆ. ತಮ್ಮ ಫೋನಿನಲ್ಲಿ ಆ್ಯಪ್ ತೆರೆದು, ಅದು ಕೊಡುವ ಅಕ್ಷರ-ಅಂಕಿಗಳ ಸಾಲನ್ನು ನಮಗೆ ಕಳಿಸಿ, "ಕೆವೈಸಿ ಅಪ್‌ಡೇಟ್ ಆಗಬೇಕು, ಇದನ್ನು ಈ ನಂಬರಿಗೆ ಮೆಸೇಜ್ ಮಾಡಿ ಸರ್" ಎನ್ನುತ್ತಾರೆ. ಗ್ರಾಹಕರು ಹಾಗೆಯೇ ಮಾಡುತ್ತಾರೆ, ಅಲ್ಲಿಗೆ ಅವರ ನಂಬರು ವಂಚಕರ ಫೋನಿಗೆ ಸೇರಿಬಿಡುತ್ತದೆ. ಒಟಿಪಿ ಯಾರಿಗೂ ಹೇಳಬೇಡಿ ಎಂದು ವರ್ಷಗಟ್ಟಲೆ ಕೇಳಿದವರೂ ಇಲ್ಲಿ ಮೋಸ ಹೋಗುತ್ತಾರೆ, ಏಕೆಂದರೆ ಇದು ಒಟಿಪಿ ಅಲ್ಲ. ಮದುವೆ ಕರೆಯೋಲೆಯ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ ಎಪಿಕೆ ಫೈಲುಗಳದ್ದು (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲುಗಳು) ಇನ್ನೊಂದು ದಾರಿ. ಅವು ಫೋನಿನೊಳಗೆ ಕೂತು ಮೆಸೇಜುಗಳನ್ನೇ ಕದ್ದು ದಾಟಿಸುತ್ತವೆ.

ಇತ್ತ ನಿಜವಾದ ಗ್ರಾಹಕರ ಪಾಡು ನೋಡಿ. ನಮ್ಮೂರಿನ ಸ್ವಸಹಾಯ ಸಂಘದ ಹಿರಿಯ ಮಹಿಳೆಯೊಬ್ಬರ ಫೋನು ಮಳೆಗಾಲದಲ್ಲಿ ನೀರಿಗೆ ಬಿತ್ತು. ಮಗನ ಹಳೇ ಫೋನಿಗೆ ಸಿಮ್ ಹಾಕಿದರು. ಆ್ಯಪ್ ಎಸ್ಸೆಮ್ಮೆಸ್ ಕಳಿಸಲು ನೋಡಿತು, ಹೋಗಲಿಲ್ಲ. ರೀಚಾರ್ಜ್ ಅವಧಿ ಮುಗಿದಿತ್ತು. ರೀಚಾರ್ಜ್ ಮಾಡಿಸಿದರೆ ಆ್ಯಪ್ ಎರಡನೇ ಸಿಮ್ ಹಿಡಿದುಕೊಂಡು, ನಂಬರು ಹೊಂದುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿತು. ಶಾಖೆಗೆ ಹೋದರೆ "ಅದು ಆ್ಯಪಿಂದು, ನಮ್ಮ ಕೈಲಿಲ್ಲ" ಎಂದರು. ಸಂಘದ ಕಂತು ಕಟ್ಟುವ ದಿನ ಪಕ್ಕದ ಮನೆಯವರಿಂದ ಕೈಗಡ ತಂದರು. ಅವರ ಹಣ ಅವರ ಖಾತೆಯಲ್ಲೇ ಇತ್ತು.

ಹಾಗಾಗಿ ಕೆಲವು ಬೇಡಿಕೆಗಳು. ಹೊಸ ಫೋನು ಖಾತೆಗೆ ಸೇರುವ ಮುಂಚೆ, ಸೇರಿದ ಮೇಲಲ್ಲ, ಹಳೇ ಫೋನಿನ ಆ್ಯಪಿಗೂ ಗ್ರಾಹಕರ ಇಮೇಲಿಗೂ ಅವರ ಭಾಷೆಯಲ್ಲೇ ಸೂಚನೆ ಹೋಗಬೇಕು. "ಬೇಡ" ಎಂದು ಒಂದೇ ಒತ್ತಿಗೆ ತಡೆಯುವ ಅವಕಾಶ ಅದರಲ್ಲಿರಬೇಕು. ಹೊಸದಾಗಿ ನೋಂದಾಯಿಸಿದವರಿಗೆ ಯುಪಿಐನಲ್ಲಿ ಮೊದಲ 24 ಗಂಟೆ 5,000 ರೂಪಾಯಿಯ ಮಿತಿ ಇದೆ. ನೆಟ್‌ಬ್ಯಾಂಕಿಂಗ್‌ಗೂ ಬ್ಯಾಂಕುಗಳ ಸ್ವಂತ ಆ್ಯಪ್‌ಗಳಿಗೂ ಇಂಥದ್ದೇ ಮಿತಿ ಕಡ್ಡಾಯವಾಗಲಿ. ನನ್ನ ಖಾತೆಗೆ ಯಾವ ಯಾವ ಫೋನು ಸೇರಿದೆ ಎಂದು ನಾನು ಒಂದೇ ಕಡೆ ನೋಡುವಂತಾಗಲಿ, ಬೇಡದ್ದನ್ನು ತೆಗೆಸಲು ಕನ್ನಡದಲ್ಲಿ ಮಾತಾಡಿದರೆ ಸಾಕಾಗಲಿ. ಎಸ್ಸೆಮ್ಮೆಸ್ ಹೋಗದವರು ಆಧಾರ್, ಪಾಸ್‌ಬುಕ್ ಹಿಡಿದು ಶಾಖೆಗೆ ಹೋದರೆ ಅಲ್ಲೇ ಗುರುತು ನೋಡಿ ಫೋನು ಸೇರಿಸಿಕೊಡಬೇಕು. ಇದು ಶಾಖೆಯ ಕೆಲಸವೇ ಎಂದು ನೀವು ಬರೆದು ಹೇಳಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ನಷ್ಟದ ಹೊಣೆ. ಹೊರಗಿನವರ ಕೈವಾಡವಿದ್ದು, ಗ್ರಾಹಕರು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಅವರದ್ದಲ್ಲ ಎಂದು ನಿಮ್ಮ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳಿತ್ತು. ಆದರೆ ಗ್ರಾಹಕರ ಅಜಾಗ್ರತೆ ಎಂದಾದರೆ, ದೂರು ಕೊಡುವವರೆಗಿನ ನಷ್ಟ ಅವರ ತಲೆಗೇ ಎಂದೂ ಅದರಲ್ಲಿತ್ತು. ವಂಚಕರ ಮಾತು ನಂಬಿ ಮೆಸೇಜ್ ಕಳಿಸಿದ ಗ್ರಾಹಕರನ್ನು ಅಜಾಗ್ರತೆಯ ಲೆಕ್ಕಕ್ಕೆ ಸೇರಿಸುವುದು ಬಲು ಸುಲಭ. ದೂರದ ಯಾವುದೋ ಊರಿನ ಅಪರಿಚಿತ ಫೋನೊಂದು ಎಪ್ಪತ್ತು ವರ್ಷದವರ ಖಾತೆಗೆ ಸೇರಿ, ಇಂಥ ಮಿತಿಯಿಲ್ಲದ ಆ್ಯಪಿನ ಮೂಲಕ ಅಂದೇ ಉಳಿತಾಯವೆಲ್ಲ ಖಾಲಿಯಾಗುತ್ತಿದ್ದರೂ ಬ್ಯಾಂಕಿನ ಕಂಪ್ಯೂಟರು ತಡೆಯದೆ ಬಿಟ್ಟರೆ ಅದು ಯಾರ ಅಜಾಗ್ರತೆ? ಫೋನು, ಜಾಗ, ರೂಢಿ ನೋಡಬಹುದು ಎಂದಿರುವವರು ನೀವೇ. ಹೊಸ ಫೋನು ಸೇರುವಾಗ ಅವನ್ನು ನೋಡಲೇಬೇಕು ಎಂದು ಬದಲಿಸಿ. ನೋಡದೆ ಬಿಟ್ಟ ಬ್ಯಾಂಕು ಹಣ ತುಂಬಿಕೊಡಲಿ.

ಇತಿ ನಮಸ್ಕಾರಗಳೊಂದಿಗೆ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಖಾತೆದಾರ