ಎಲ್ಲಕ್ಕೂ ‘ಮಿಸ್‌ಬಿಹೇವ್’ ಸಾಕೇ?

ಮಾನ್ಯ ಸಂಪಾದಕರೇ,

ಚಿಲ್ಲರೆ ಕೇಳಿದ್ದಕ್ಕೆ ಕಂಡಕ್ಟರ್ ಗದರಿದರೆ ‘ಮಿಸ್‌ಬಿಹೇವ್’. ತುಂಬಿದ ಕುಮಟಾ–ಶಿರಸಿ ಬಸ್ಸಿನಲ್ಲಿ ಹಿಂದೆ ನಿಂತವನು ಕಾಲೇಜು ಹುಡುಗಿಯ ಸೊಂಟಕ್ಕೆ ಕೈ ಹಾಕಿದರೂ ‘ಮಿಸ್‌ಬಿಹೇವ್’. ಇಂಗ್ಲಿಷಿನಲ್ಲಿ ಅದು ಹೆಚ್ಚಾಗಿ ಹಟಮಾರಿ ಮಕ್ಕಳಿಗೆ ಹೇಳುವ ಮಾತು. ಕೈಕೊಡುವ ಕಂಪ್ಯೂಟರಿಗೂ ಬಳಸುತ್ತಾರೆ. ಮೈಮುಟ್ಟಿದವನಿಗೂ ಅದೇ ಪದವಾದರೆ ಅವನು ಬರೀ ತಂಟೆ ಮಾಡಿದ ಎಂದಂತಾಗುತ್ತದೆ.

ಮನೆಯಲ್ಲಿ ಹೇಳಿಕೊಳ್ಳಲು ಮುಜುಗರವಾಗಿ ಹುಡುಗಿಯರು “ಅಂವ ಮಿಸ್‌ಬಿಹೇವ್ ಮಾಡ್ದ” ಎಂದು ಸುಮ್ಮನಾಗುತ್ತಾರೆ. ಅದು ಅರ್ಥವಾಗುವಂಥದ್ದೇ. ಪತ್ರಿಕೆಗಳಿಗೇನು ಮುಜುಗರ? ‘ಅಸಭ್ಯ ವರ್ತನೆ: ಯುವಕನ ಬಂಧನ’ ಎಂಬ ತಲೆಬರಹ ಓದಿದರೆ ಆತ ಬೈದನೋ, ಬೆನ್ನು ಹತ್ತಿದನೋ, ಮೈಮೇಲೆ ಕೈ ಹಾಕಿದನೋ ತಿಳಿಯುವುದೇ ಇಲ್ಲ.

ಕಾನೂನು ಇಷ್ಟು ಮೊಗಮ್ಮಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಲೈಂಗಿಕ ಕಿರುಕುಳಕ್ಕೆ 75ನೇ ಕಲಂ, ಹಿಂಬಾಲಿಸಿ ಕಾಡುವುದಕ್ಕೆ 78, ಮಾತು–ಸನ್ನೆಯಿಂದ ಹೆಣ್ಣಿನ ಮಾನಕ್ಕೆ ಕುಂದು ತರುವುದಕ್ಕೆ 79. ಠಾಣೆಯಲ್ಲಿ ‘ಮಿಸ್‌ಬಿಹೇವ್ ಮಾಡಿದ’ ಎಂದಷ್ಟೇ ಬರೆಸಿದರೆ ಯಾವ ಕಲಂ ಹಾಕುವುದು? ಏನಂದ, ಎಲ್ಲಿ ಮುಟ್ಟಿದ, ಎಷ್ಟು ದೂರ ಹಿಂದೆ ಬಂದ ಎಂಬುದು ದೂರಿನಲ್ಲಿ ಬರಬೇಕು. (‘ಈವ್ ಟೀಸಿಂಗ್’ ಎಂಬ ಇನ್ನೊಂದು ಪದವಂತೂ ಕೇಳಲು ತಮಾಷೆಯಂತೆಯೇ ಇದೆ!)

ಹುಡುಗಿಯ ಗುರುತು ಬಿಟ್ಟುಕೊಡದೆಯೂ ನಡೆದದ್ದನ್ನು ನೇರವಾಗಿ ಬರೆಯಲು ಬರುತ್ತದೆ. ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಇನ್ನು ಮೇಲೆ ಹಾಗೆ ಬರೆಯಬೇಕೆಂದು ಕೋರುತ್ತೇನೆ.

– ಒಬ್ಬ ಓದುಗಿ, ಶಿರಸಿ