ಕಗ್ಗದ ಗದ್ದೆಗೂ ಗಮನ ಬೇಕು

ಮಾನ್ಯರೇ,

ಅಘನಾಶಿನಿ ನದಿಯ ಅಳಿವೆಯನ್ನು ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂದು 2024ರಲ್ಲಿ ಘೋಷಿಸಲಾಯಿತು, ಸಂತೋಷ. ಆದರೆ ಹಕ್ಕಿ, ಕಾಂಡ್ಲಾ ಗಿಡಗಳು (ಮ್ಯಾಂಗ್ರೋವ್) ಎಂದು ಹೊಗಳುವವರು ಅಲ್ಲಿನ ಗಜನಿ ಗದ್ದೆಗಳನ್ನು, ಅಂದರೆ ಉಪ್ಪುನೀರಿನ ಅಂಚಿನ ತಗ್ಗು ಗದ್ದೆಗಳನ್ನು, ಮರೆತೇಬಿಡುತ್ತಾರೆ. ಉಪ್ಪುನೀರು, ನೆರೆ ಎರಡನ್ನೂ ತಾಳಿಕೊಳ್ಳುವ ಕಗ್ಗ ಭತ್ತ ಅಲ್ಲಿ ರಾಸಾಯನಿಕ ಗೊಬ್ಬರದ ಹಂಗಿಲ್ಲದೆ ಬೆಳೆಯುತ್ತದೆ. ಕೊಯ್ಲಿನಲ್ಲಿ ತೆನೆ ಮಾತ್ರ ಕತ್ತರಿಸಿ ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಕಟ್ಟೆಯ ಬಾಗಿಲು ತೆರೆದರೆ ಭರತದ (ಸಮುದ್ರದ ಉಬ್ಬರದ) ನೀರಿನೊಂದಿಗೆ ಸಿಗಡಿ, ಮೀನು ಒಳಬರುತ್ತವೆ. ಕೊಳೆತ ಹುಲ್ಲೇ ಅವುಗಳಿಗೆ ಮೇವು.

ಈ ಬೇಸಾಯ ಒಂಟಿ ಮನೆಯವರಿಂದಾಗದು. ಒಂದು ಕಡೆ ಕಟ್ಟೆ ಒಡೆದರೆ ಅಕ್ಕಪಕ್ಕದವರ ಗದ್ದೆಗೂ ಉಪ್ಪು ನುಗ್ಗುತ್ತದೆ. ಕುಮಟಾ ತಾಲ್ಲೂಕಿನ ಮಾಣಿಕಟ್ಟಾದ ರೈತರು ಒಟ್ಟಾಗಿ ಬಿತ್ತುವುದು ಸುಮ್ಮನೆ ಅಲ್ಲ. ಫಲಕ ನೆಡುವ ಉತ್ಸಾಹದಲ್ಲಿ ಅರ್ಧವನ್ನಾದರೂ ಸರ್ಕಾರ ಮಳೆಗಾಲಕ್ಕೆ ಮುನ್ನ ಕಟ್ಟೆಗಳ ದುರಸ್ತಿಗೆ ತೋರಿಸಲಿ. ಕಗ್ಗಕ್ಕೆ ನ್ಯಾಯವಾದ ದರವನ್ನೂ ಕೊಡಿಸಲಿ.

– ಓರ್ವ ಓದುಗ, ಉತ್ತರ ಕನ್ನಡ